ನಿಕನೋರಾ ಕಾಯಿಸಿದ ಹೊತ್ತು

ಪೊಸೊ ಅಮಾರ್ಗೊದಲ್ಲಿ ಕೀಲು ತಪ್ಪಿದರೂ, ಮೂಳೆ ಮುರಿದರೂ, ಹೆಂಗಸರಿಗೆ ಹೆರಿಗೆ ನೋವು ಬಂದರೂ ಜನ ಓಡುತ್ತಿದ್ದುದು ನಿಕನೋರಾಳ ಮನೆಗೆ. ಅರಿಜೋನಾ ಇನ್ನೂ ಗಡಿಯ ಪ್ರಾಂತ್ಯವಾಗಿದ್ದ ಕಾಲ ಅದು. ಊರೆಂದರೆ ಒಂದು ಕಹಿನೀರಿನ ಬಾವಿ, ಹನ್ನೆರಡು ಮಣ್ಣಿನ ಮನೆ. ಆಗಲೇ ಅವಳು ತಾಯಿಯ ಜೊತೆ ಗಡಿಯಾಚೆಯ ಸೊನೋರಾದಿಂದ ಬಂದು ಅಲ್ಲಿ ನೆಲೆ ನಿಂತಿದ್ದಳು. ಚಿಕ್ಕಂದಿನಲ್ಲಿ ತಾಯಿ ಅವಳ ಕಣ್ಣಿಗೆ ಬಟ್ಟೆ ಕಟ್ಟಿ, ಮೇಕೆಯ ಮೂಳೆಗಳನ್ನು ಚೀಲದಲ್ಲಿ ಹಾಕಿ ಕೊಟ್ಟು, ಬೆರಳಲ್ಲಿ ಮುಟ್ಟಿಯೇ ಯಾವುದು ಯಾವುದೆಂದು ಹೇಳಿಸುತ್ತಿದ್ದಳಂತೆ. ಆ ಬೆರಳುಗಳು ಕೊನೆಯವರೆಗೂ ಹಾಗೆಯೇ ಇದ್ದವು. ಒಬ್ಬನ ಕೈ ಕುಲುಕಿದರೆ ಸಾಕು, ಅದು ಯಾವಾಗ ಮುರಿದಿತ್ತು, ಯಾರು ಕಟ್ಟಿದ್ದರು ಎಂದು ಹೇಳಿಬಿಡುತ್ತಿದ್ದಳು.

ಬೆಟ್ಟದಲ್ಲಿ ಬೆಳ್ಳಿ ಸಿಕ್ಕಿತು, ಗಣಿ ಬಂತು, ಗಣಿಯ ಹಿಂದೆಯೇ ಡಾಕ್ಟರ್ ಲೂಮಿಸ್ ಬಂದ. ಗಾಜಿನ ಚೌಕಟ್ಟಿನಲ್ಲಿ ಒಂದು ಕಾಗದ, ಕರಿ ಕೋಟು, ಪಾದರಸದ ಗುಳಿಗೆಗಳ ಪೆಟ್ಟಿಗೆ. ಜ್ವರಕ್ಕೂ ಅದೇ ಗುಳಿಗೆ, ಭೇದಿಗೂ ಅದೇ ಗುಳಿಗೆ. ತಿಂದವರ ಒಸಡು ಬಾತು ಹಲ್ಲು ಅಲ್ಲಾಡಿದರೆ ಔಷಧ ಹಿಡಿಯಿತು ಎನ್ನುತ್ತಿದ್ದ. ನಿಕನೋರಾಗೆ ಮೊದಮೊದಲು ಅವನ ಮೇಲೆ ದ್ವೇಷವೇನೂ ಇರಲಿಲ್ಲ. ಅವನ ಕಸುಬು ಅವನಿಗೆ, ತನ್ನದು ತನಗೆ ಎಂದುಕೊಂಡಿದ್ದಳು.

ಅವಳ ಗಂಡ ಲಿಬ್ರಾದೊ ಹೇಸರಗತ್ತೆಗಳ ಬಂಡಿಯಲ್ಲಿ ಪೀಪಾಯಿ ಹೇರಿಕೊಂಡು ಗಣಿಗೆ ಸಿಹಿನೀರು ಒಯ್ಯುತ್ತಿದ್ದ. ಒಂದು ದಿನ ಪೀಪಾಯಿ ಉರುಳಿ ಅವನ ಎಡಗೈ ಮೊಣಕೈ ಕೆಳಗೆ ಮುರಿಯಿತು. ಚರ್ಮ ಹರಿದಿರಲಿಲ್ಲ, ಆರು ವಾರದಲ್ಲಿ ಕೂಡಿಕೊಳ್ಳುವಂಥ ಪೆಟ್ಟು. ಆದರೆ ನಿಕನೋರಾ ಅಂದು ಊರಲ್ಲಿರಲಿಲ್ಲ. ದೂರದ ದನಗಾಹಿಗಳ ಬಿಡಾರದಲ್ಲಿ ಅಡ್ಡ ಕೂತ ಮಗುವನ್ನು ತಿರುಗಿಸಿ ಹೆರಿಗೆ ಮಾಡಿಸಲು ಹೋಗಿದ್ದಳು. ಅಕ್ಕಪಕ್ಕದವರು ಲಿಬ್ರಾದೊನನ್ನು ಡಾಕ್ಟರ ಬಳಿಗೆ ಕರೆದೊಯ್ದರು. ಬೆಳಗಿನಿಂದಲೇ ಕುಡಿದಿದ್ದ ಡಾಕ್ಟರು ದಬ್ಬೆ ಇಟ್ಟು ಬಿಗಿದು ಕಟ್ಟಿದ. ಅದೇ ಮಧ್ಯಾಹ್ನ ಕುದುರೆ ಪಂದ್ಯ ನೋಡಲು ಟೂಸಾನ್‌ಗೆ ಹೊರಟುಹೋದ.

ನಾಲ್ಕನೆಯ ದಿನ ನಿಕನೋರಾ ಮರಳಿದಾಗ ಗಂಡನ ಬೆರಳುಗಳು ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಅವನು ನೋವು ಎಂದು ಕೂಗಿದಾಗಲೆಲ್ಲ, ಡಾಕ್ಟರು ಕಟ್ಟಿದ್ದನ್ನು ಬಿಚ್ಚಬಾರದು ಎಂದು ಜನ ಸಮಾಧಾನ ಹೇಳಿದ್ದರು. ಅವಳು ಕಟ್ಟನ್ನು ಕತ್ತರಿಸಿ ಎಸೆದಳು, ಕಳ್ಳಿಯ ತಿರುಳು ಬಿಸಿ ಮಾಡಿ ಇಟ್ಟಳು. ಹೊತ್ತು ಮೀರಿತ್ತು. ಡಾಕ್ಟರು ಪಂದ್ಯ ಮುಗಿಸಿ ಬಂದು, ತೊಳೆಯದ ಗರಗಸದಲ್ಲಿ ಕೈ ತೆಗೆದ. ಎಂಟು ದಿನಕ್ಕೆ ಲಿಬ್ರಾದೊ ತೀರಿಕೊಂಡ.

ಇಷ್ಟಕ್ಕೇ ಮುಗಿದಿದ್ದರೆ ಅವಳು ಅತ್ತು ಸುಮ್ಮನಾಗುತ್ತಿದ್ದಳೋ ಏನೋ. ಡಾಕ್ಟರು ಊರ ನ್ಯಾಯಾಧೀಶನ ಮುಂದೆ ಹೋಗಿ, ತಾನು ಸರಿಯಾಗಿಯೇ ಕಟ್ಟಿದ್ದೆ, ಈ ಹೆಂಗಸು ಅದನ್ನು ಬಿಚ್ಚಿ ಕಳ್ಳಿಯ ರಸ ಬಳಿದು ನಂಜು ಏರಿಸಿದಳು, ಗಂಡನನ್ನು ಕೊಂದವಳು ಇವಳೇ ಎಂದು ಹೇಳಿಕೆ ಕೊಟ್ಟ. ಇನ್ನು ಮುಂದೆ ಯಾರ ಮೈಯನ್ನೂ ಮುಟ್ಟಕೂಡದೆಂದು ಅವಳಿಗೆ ಆಜ್ಞೆಯಾಯಿತು. ಅವಳ ಕೈಯಲ್ಲೇ ಹುಟ್ಟಿದ ಮಕ್ಕಳ ತಾಯಂದಿರು ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸತೊಡಗಿದರು.

ಅವಳು ಹೋಟೆಲಿನ ಬಟ್ಟೆ ಒಗೆಯುವ ಕೆಲಸ ಹಿಡಿದಳು. ಡಾಕ್ಟರು ಅದೇ ಹೋಟೆಲಿನಲ್ಲಿ ಇಳಿದುಕೊಂಡಿದ್ದರಿಂದ ಅವನ ಅಂಗಿಗಳೂ ಅವಳ ಕೈಗೇ ಬರುತ್ತಿದ್ದವು. ತೋಳಿನ ಮೇಲಿನ ಕಲೆ ನೋಡಿದರೆ ಅವನು ಆ ವಾರ ಏನು ಮಾಡಿದ್ದಾನೆಂದು ಅವಳಿಗೆ ತಿಳಿಯುತ್ತಿತ್ತು. ಇದು ಕೀವು, ಇದು ಹೆರಿಗೆಯ ರಕ್ತ, ಇದು ಬರೀ ವಿಸ್ಕಿ. ಬೂದಿನೀರಲ್ಲಿ ನೆನೆಹಾಕಿ, ಉಜ್ಜಿ, ಹಾಲಿನಂತೆ ಬೆಳ್ಳಗೆ ಮಾಡಿ ಕಳಿಸುತ್ತಿದ್ದಳು. ಅಂಗಿಗೆ ಏನಾದರೂ ಸವರಿ ಕಳಿಸಬಾರದೇ ಎಂದು ಮನಸ್ಸು ಕೇಳುತ್ತಿತ್ತು. ಅವನು ಗುಟ್ಟಾಗಿ ಸಾಯುವುದು ಅವಳಿಗೆ ಬೇಕಿರಲಿಲ್ಲ. ಹಾಗೇ ನಾಲ್ಕು ವರ್ಷ ಕಳೆಯಿತು.

ಐದನೆಯ ವರ್ಷ ಜೂನ್ ತಿಂಗಳ ಒಂದು ಬೆಳಿಗ್ಗೆ ಒಣಹಳ್ಳದಲ್ಲಿ ಡಾಕ್ಟರ ಕುದುರೆಗಾಡಿ ಮಗುಚಿತು. ಬಲ ಭುಜದ ಕೀಲು ತಪ್ಪಿ ಮೂಳೆಯ ಗುಂಡು ಕಂಕುಳೊಳಗೆ ಇಳಿಯಿತು. ಲಾಯದ ಆಳುಗಳು ಎಳೆದು ನೋಡಿದರು, ಅವನು ಕಿರುಚಿದನೇ ಹೊರತು ಮೂಳೆ ಜಗ್ಗಲಿಲ್ಲ. ಇನ್ನೊಬ್ಬ ಡಾಕ್ಟರೆಂದರೆ ಸೈನ್ಯದ ಕೋಟೆಯಲ್ಲಿ, ಆ ಬಿಸಿಲಲ್ಲಿ ಎರಡು ದಿನದ ದಾರಿ. ಕೊನೆಗೆ ಲಾಯದ ಯಜಮಾನ ಫೆರ್ಮಿನ್ ಅವನನ್ನು ಹಲಗೆಯ ಮೇಲೆ ಹೊರಿಸಿಕೊಂಡು ಬಂದು ನಿಕನೋರಾಳ ಅಂಗಳದ ಚಪ್ಪರದಡಿ ಮಲಗಿಸಿದ.

ಅವಳು ಕೈ ಒರೆಸಿಕೊಂಡು ಬಂದು ಭುಜ ಮುಟ್ಟಿದಳು. ಆಮೇಲೆ ಬೆರಳು ಮುಟ್ಟಿದಳು. ತಣ್ಣಗಿದ್ದವು. ಜುಮುಗುಡುತ್ತಿದೆಯಾ ಎಂದು ಕೇಳಿದಳು, ಹೌದೆಂದ. ಮೂಳೆ ನರದ ಮೇಲೆ ಕೂತಿದೆ, ಈಗಲೇ ಕೂರಿಸಿದರೆ ಕೈ ಉಳಿಯುತ್ತದೆ, ತಡವಾದಷ್ಟೂ ಕೆಡುತ್ತದೆ. ಇಷ್ಟು ಅವಳ ಬೆರಳಿಗೆ ಆ ಗಳಿಗೆಯಲ್ಲೇ ತಿಳಿಯಿತು. ಅವಳು ಎದ್ದು ಹೋಗಿ ಮತ್ತೆ ಬಟ್ಟೆ ಹಿಂಡತೊಡಗಿದಳು.

"ಅಮ್ಮಾ, ಅವರ ಕೈ?" ಎಂದ ಫೆರ್ಮಿನ್.

"ನಾನು ಯಾರ ಮೈನೂ ಮುಟ್ಟಬಾರ್ದು ಅಂತ ಆಜ್ಞೆ ಆಗಿದೆಯಲ್ಲಪ್ಪಾ. ಯಾಕಾಯ್ತು ಅಂತ ಡಾಕ್ಟರ ಬಾಯಲ್ಲೇ ಕೇಳು. ಅವರು ಹೇಳ್ಲಿ, ಆಮೇಲೆ ನೋಡೋಣ."

ಡಾಕ್ಟರು ಮೊದಲು ಬೈದ, ಆಮೇಲೆ ಗದರಿಸಿದ. ಅವಳು ಅಂಗಿಗಳನ್ನು ಒಂದೊಂದಾಗಿ ಹಗ್ಗಕ್ಕೆ ಹಾಕುತ್ತಲೇ ಇದ್ದಳು. ಬಿಸಿಲೇರಿತು. ಅಂಗಳದ ಬೇಲಿಯಾಚೆ ಹೆಂಗಸರು ಬಂದು ನಿಂತರು, ಗಣಿಯವರು ಬಂದರು, ನ್ಯಾಯಾಧೀಶನೂ ಬಂದ. ಡಾಕ್ಟರು ತನ್ನ ಭಾಷೆಯಲ್ಲಿ ಏನೋ ಗೊಣಗಿದ. ನಮ್ಮ ಮಾತಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು ಎಂದಳು. ಕಟ್ಟು ಸ್ವಲ್ಪ ಬಿಗಿಯಾಗಿದ್ದಿರಬಹುದು ಎಂದ. ಅವಳು ಒಳಗೆ ಹೋಗಿ ಒಲೆ ಹಚ್ಚಿ, ಜೋಳದ ರೊಟ್ಟಿ ಬೇಯಿಸಿ, ಹೊರಗೆ ತಂದು, ಅವನ ಎದುರಿಗೇ ಕೂತು ಅವರೆಕಾಳಿನ ಜೊತೆ ನಿಧಾನವಾಗಿ ತಿಂದಳು.

ಮಧ್ಯಾಹ್ನದ ಮೇಲೆ ಅವನು ಸೋತ.

"ಕಟ್ಟಿದ್ದು ಯಾರು?" ಎಂದು ಕೇಳಿದಳು.

"ನಾನು."

"ಆಮೇಲೆ ಮೂರು ದಿನ ಎಲ್ಲಿದ್ರಿ?"

"ಟೂಸಾನ್‌ನಲ್ಲಿ. ಕುದುರೆ ಪಂದ್ಯಕ್ಕೆ."

"ನಾನು ಬಿಚ್ಚೋ ಹೊತ್ತಿಗೆ ಅವನ ಕೈ ಹೇಗಿತ್ತು?"

ಅವನು ಕಣ್ಣು ಮುಚ್ಚಿಕೊಂಡ. "ಸತ್ತಿತ್ತು. ನಂಗೆ ಗೊತ್ತಿತ್ತು. ನಿನ್ನ ತಪ್ಪು ಅಂತ ನಾನು ಹೇಳಿದ್ದು ಸುಳ್ಳು."

ನಿಕನೋರಾ ನ್ಯಾಯಾಧೀಶನ ಕಡೆ ನೋಡಿದಳು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಮುಟ್ಟಬಹುದೆಂದು ತಲೆಯಾಡಿಸಿದ. ಅವಳು ಚಪ್ಪಲಿ ಬಿಟ್ಟು ಡಾಕ್ಟರ ಪಕ್ಕ ನೆಲದಲ್ಲಿ ಕೂತು, ಹಿಮ್ಮಡಿಯನ್ನು ಅವನ ಕಂಕುಳಿಗೆ ಒತ್ತಿಕೊಟ್ಟು, ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಒಂದೇ ಸಮನೆ ಎಳೆಯುತ್ತ ಹೊರಳಿಸಿದಳು. ಲಟಕ್ ಎಂದು ಮೂಳೆ ಗೂಡಿಗೆ ಬಿತ್ತು. ಅಷ್ಟು ಅಚ್ಚುಕಟ್ಟಾಗಿ ಅವಳು ಯಾರ ಭುಜವನ್ನೂ ಕೂರಿಸಿರಲಿಲ್ಲ.

ಡಾಕ್ಟರು ಬೆವರು ಒರೆಸಿಕೊಂಡು ಬೆರಳು ಮಡಿಸಲು ನೋಡಿದ. ಕಿರುಬೆರಳು, ಅದರ ಪಕ್ಕದ್ದು ಬಾಗಿದವು. ಹೆಬ್ಬೆರಳು ಬಾಗಲಿಲ್ಲ. ತೋರುಬೆರಳೂ ಬಾಗಲಿಲ್ಲ. ಅವನು ಎಡಗೈಯಿಂದ ಅವನ್ನು ಮಡಿಸಿ ನೋಡಿ, ತಗ್ಗಿದ ದನಿಯಲ್ಲಿ ಕೇಳಿದ.

"ಬೆಳಿಗ್ಗೆನೇ ಕೂರಿಸಿದ್ರೆ?"

"ಸರಿ ಹೋಗಿರೋದು."

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದು ಅವಳು ಅವನ ಕೈಯನ್ನು ಬಟ್ಟೆಯ ಜೋಲಿಯಲ್ಲಿ ಕಟ್ಟಿದಳು. ಸಡಿಲವಾಗಿಯೇ ಕಟ್ಟಿದಳು.

ಆ ಕೈಯಲ್ಲಿ ಡಾಕ್ಟರು ಮತ್ತೆ ಚಾಕು ಹಿಡಿಯಲಾಗಲಿಲ್ಲ. ಎರಡು ತಿಂಗಳಿಗೆ ಊರು ಬಿಟ್ಟ. ಆಜ್ಞೆ ರದ್ದಾಯಿತು, ಹೆಂಗಸರು ಒಬ್ಬೊಬ್ಬರಾಗಿ ಮತ್ತೆ ಬಂದರು. ಕೆಲವರು ಬರುವಾಗ ಸ್ವಲ್ಪ ಹೆದರಿಕೊಂಡೇ ಬಂದರು. ಫೆರ್ಮಿನ್ ಮಾತ್ರ ಬಹಳ ದಿನ ಆ ಬೀದಿಗೇ ಕಾಲಿಡಲಿಲ್ಲ. ಕೊನೆಗೊಮ್ಮೆ ಬಂದು ಬಾಗಿಲಲ್ಲೇ ನಿಂತು, "ಅವರ ಬಾಯಿ ಬಿಡಿಸಿದ್ದು ಸರಿ ಅಮ್ಮಾ. ಆದ್ರೆ ಆ ಕೈ ಉಳಿಸಬಹುದಿತ್ತು," ಎಂದ.

"ಲಿಬ್ರಾದೊನ ಕೈನೂ ಉಳಿಸಬಹುದಿತ್ತು," ಎಂದಳು ಅವಳು. ಅವನು ಹೊರಟುಹೋದ.

ಸೇಡು ತೀರಿದರೆ ಎದೆ ಹಗುರಾಗುತ್ತದೆಂದು ಅವಳು ನಂಬಿದ್ದಳು. ಹಾಗೇನೂ ಆಗಲಿಲ್ಲ. ಸಿಟ್ಟು ಇದ್ದಲ್ಲೇ ಇತ್ತು, ಆದರೆ ನಿದ್ದೆ ಬರತೊಡಗಿತು. ವರ್ಷಕ್ಕೊಮ್ಮೆ ಈಸ್ಟರ್‌ಗೆ ಬರುವ ಮುದುಕ ಪಾದ್ರಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡಳು. ಪಶ್ಚಾತ್ತಾಪ ಇದೆಯಾ ಎಂದು ಅವನು ಕೇಳಿದ. ಇಲ್ಲವೆಂದಳು. ಹಾಗಾದರೆ ಪಾಪ ಕಳೆಯಲು ತನ್ನಿಂದಾಗದು ಎಂದ. ಮರುವರ್ಷವೂ ಹೋದಳು, ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ವರ್ಷ ಪಾದ್ರಿ ದನಿ ಮೆತ್ತಗೆ ಮಾಡಿ, "ಒಂದು ಚೂರಾದ್ರೂ ಇಲ್ವಾ ತಾಯಿ?" ಎಂದು ಕೇಳಿದ.

"ಹುಡುಕಿ ನೋಡ್ದೆ ಪಾದ್ರಿಗಳೇ, ಸಿಗ್ಲಿಲ್ಲ. ಅಲ್ಲಿ ಗಣಿಯವನೊಬ್ಬನ ಹೆಂಡ್ತಿ ಬೆಳಗ್ಗಿನಿಂದ ನೋವು ತಿಂತಿದ್ದಾಳೆ, ನಾನು ಹೋಗ್ಬೇಕು," ಎಂದು ಅವಳು ಮಂಡಿ ಕೊಡವಿಕೊಂಡು ಎದ್ದಳು.