ಗಾಡಿ ನಿಂತಾಗ ಕೇಳಿದ ಸ್ವರ

ನನ್ನ ಸ್ವರವನ್ನು ಮುಂಬಯಿಯ ಅರ್ಧ ಊರು ಕೇಳಿದೆ, ನಾನು ಯಾರೆಂದು ಮಾತ್ರ ಯಾರಿಗೂ ಗೊತ್ತಿಲ್ಲ. ಚಹಾಪುಡಿ, ಸೀಲಿಂಗ್ ಫ್ಯಾನು, ತಲೆಗೆ ಹಚ್ಚುವ ಎಣ್ಣೆ, ಇಂಥವುಗಳ ಜಾಹೀರಾತಿಗೆ ಹಾಡಿ ಹೊಟ್ಟೆ ಹೊರೆದವಳು ನಾನು. ಶನಿವಾರ ಸಂಜೆ ದೊಡ್ಡ ಹೋಟೆಲುಗಳಲ್ಲಿ ಜಾಝ್ ಹಾಡುತ್ತಿದ್ದೆ. ಜನ ಸೂಪು ಕುಡಿಯುತ್ತ ಕೇಳುತ್ತಿದ್ದರು, ಅಥವಾ ಕೇಳುತ್ತಿರಲಿಲ್ಲ. ಸಯನ್‌ನ ನಮ್ಮ ಬಿಲ್ಡಿಂಗ್‌ನಲ್ಲಿ ನನ್ನ ಅಮ್ಮ ಮಾತ್ರ, ಪಕ್ಕದ ಮನೆಯ ಟಿವಿಯಲ್ಲಿ ನನ್ನ ಜಾಹೀರಾತು ಬಂದರೆ ಸಾಕು, ಗೋಡೆಯ ಈಚೆಯಿಂದಲೇ "ಓ, ನಮ್ಮ ಹುಡುಗಿ!" ಎನ್ನುತ್ತಿದ್ದಳು. ಜಾಝ್ ಎಂದರೆ ಅವಳಿಗೆ ಇವತ್ತಿಗೂ ತಾಳ ತಪ್ಪಿದ ಭಜನೆ. ಆದರೆ ನನ್ನ ಸ್ವರ ಗುರುತಿಸುವುದರಲ್ಲಿ ಒಮ್ಮೆಯೂ ತಪ್ಪಿದವಳಲ್ಲ.

ತಲೆ ನರೆಯುವ ಹೊತ್ತಿಗೆ ನನ್ನದೇ ಒಂದು ಆಲ್ಬಮ್ ಮಾಡುವ ಯೋಗ ಬಂತು. ಪಿಯಾನೊ ನುಡಿಸುವ ಹಳೆಯ ಗೆಳೆಯನೊಬ್ಬನ ಪುಟ್ಟ ಸ್ಟುಡಿಯೋ ಬೊರಿವಲಿಯಲ್ಲಿದೆ. ಅರ್ಧ ಹಾಡುಗಳ ರೆಕಾರ್ಡಿಂಗ್ ಮುಗಿದಿತ್ತು, ಅಷ್ಟರಲ್ಲಿ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಥೈರಾಯ್ಡ್, ತೆಗೆಯಲೇಬೇಕು ಎಂದರು ಡಾಕ್ಟರು. ಆಪರೇಶನ್ ಎಂದದ್ದಕ್ಕೇ ನಾನು ಹೆದರಿದ್ದೆ. ಹೆದರಿದವಳ ಮೇಲೆ ಹಾವೆಸೆದ ಹಾಗೆ ಇನ್ನೊಂದು ಮಾತು ಸೇರಿಸಿದರು. ಸ್ವರವನ್ನು ಆಡಿಸುವ ನರ ಆ ಗಂಟಿನ ಬೆನ್ನಿಗೇ ಹೋಗುತ್ತದಂತೆ. ಮಾತಿಗೆ ಭಯವಿಲ್ಲ, ಹಾಡಿನದ್ದು ಈಗಲೇ ಹೇಳಲಾಗದು ಎಂದರು.

ಆಪರೇಶನ್ ಆಯಿತು. ಮೊದಲು ಪಿಸುಮಾತು ಬಂತು, ಆಮೇಲೆ ಮಾತು ಬಂತು. ಇನ್ನು ನಿಧಾನಕ್ಕೆ ಹಾಡಿ ನೋಡಿ ಎಂದರು. ನಾನು ಹಾಡಲಿಲ್ಲ. ನನಗೆ ಅಷ್ಟೋ ಇಷ್ಟೋ ಹೆಸರು ಇದ್ದದ್ದು ಒಂದು ಮೇಲಿನ ಸ್ವರದಿಂದ. ಹಾಡಿನ ಕೊನೆಗೆ ಏರಿ ಅಲ್ಲೇ ನಿಂತುಬಿಡುತ್ತಿದ್ದೆ, ಸೂಪು ಕುಡಿಯುವವರೂ ಚಮಚ ಕೆಳಗಿಡುತ್ತಿದ್ದರು. ಅದು ಇದೆಯೋ ಹೋಯಿತೋ ಎಂದು ನೋಡಲು ಭಯ. ನೋಡದಿರುವವರೆಗೆ ಇದ್ದ ಹಾಗೆಯೇ ತಾನೆ? ಗೆಳೆಯ ಕಳಿಸಿದ್ದ ಹಾಡುಗಳನ್ನು ಅಮ್ಮ ಅಡುಗೆಮನೆಯಲ್ಲಿ ಮೊಬೈಲ್‌ನಲ್ಲಿ ಹಾಕಿದರೆ ನಾನು ಬಾಲ್ಕನಿಗೆ ಓಡುತ್ತಿದ್ದೆ. ನನ್ನ ಸ್ವರವೇ ನನಗೆ ಗುಮ್ಮನಾಗಿತ್ತು.

"ಪರೀಕ್ಷೆಗೆ ಕೂತ್ಕೊಳ್ಳದೆ ಪಾಸಾ ಫೇಲಾ ಅಂತ ಹೇಗೆ ಗೊತ್ತಾಗುದು ಮಾರಾಯ್ತಿ?" ಎಂದಳು ಅಮ್ಮ. ನನಗೆ ಸಿಟ್ಟು ಬಂತು. ಗಂಟಲು ನನ್ನದು, ಅವಳದ್ದಲ್ಲವಲ್ಲ.

ಇದ್ದಷ್ಟೇ ಹಾಡುಗಳನ್ನು ಹೊರತರೋಣ, ಉಳಿದದ್ದು ಬೇಡ ಎಂದು ಹೇಳಲು ಕೊನೆಗೆ ಒಂದು ಮಧ್ಯಾಹ್ನ ಬೊರಿವಲಿಗೆ ಹೊರಟೆ. ದಾದರ್‌ನಲ್ಲಿ ಲೋಕಲ್ ಟ್ರೈನು ಬದಲಿಸಿ ಲೇಡೀಸ್ ಡಬ್ಬಿಯ ಕಿಟಕಿ ಪಕ್ಕ ಕೂತೆ. ಎದುರಿನ ಹೆಂಗಸು ಮಡಿಲಲ್ಲಿ ಚೀಲ ಹರಡಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಅಂಧೇರಿ ದಾಟಿದ ಮೇಲೆ ಗಾಡಿ ಓಟ ಹಿಡಿಯಿತು. ಆ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳುವುದಿಲ್ಲ. ಇಲ್ಲಿ ಹಾಡಿದರೆ ಬೇರೆಯವರಿರಲಿ, ನನ್ನ ಕಿವಿಗೂ ಕೇಳಿಸದು ಎಂದು ಹೊಳೆಯಿತು. ಕಳ್ಳಿಯ ಹಾಗೆ ಬಾಯಿ ತೆರೆದೆ. ಗಂಟಲು ಅದುರುವುದು ಮಾತ್ರ ಗೊತ್ತಾಗುತ್ತಿತ್ತು. ಧೈರ್ಯ ಬಂದು, ಆಲ್ಬಮ್‌ಗೆ ಹಾಡದೆ ಉಳಿದಿದ್ದ ಹಾಡೊಂದನ್ನು ಜೋರಾಗಿ ಹಿಡಿದೆ.

ಬೊರಿವಲಿ ಸ್ಟೇಷನ್ ಇನ್ನೂ ಸ್ವಲ್ಪ ಮುಂದಿರುವಾಗ ಸಿಗ್ನಲ್ ಸಿಗದೆ ಗಾಡಿ ಗಕ್ಕನೆ ನಿಂತಿತು. ಸದ್ದೂ ನಿಂತಿತು. ನಾನು ನಿಲ್ಲಿಸುವುದು ಒಂದು ಕ್ಷಣ ತಡವಾಯಿತು. ಒರಟಾದ, ತಗ್ಗಿದ ದನಿಯೊಂದು ಇಡೀ ಡಬ್ಬಿಗೆ ಕೇಳಿತು. ಯಾರದಪ್ಪಾ ಇದು ಎಂದು ನಾನೇ ತಿರುಗಿ ನೋಡಬೇಕು, ಹಾಗಿತ್ತು.

ಮೆಂತ್ಯದ ಹೆಂಗಸು ತಲೆಯೆತ್ತಿ, "ಗಾಡಿ ರುಕೀ ಹೈ, ತುಮ್ ಕಾಯ್‌ಕೋ ರುಕೀ?" ಎಂದಳು. ಗಾಡಿ ನಿಂತರೆ ನಾನೇಕೆ ನಿಲ್ಲಬೇಕಂತೆ!

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇಳಿದು ಓಡುವಂತಿರಲಿಲ್ಲ. ಹಾಡಿದೆ. ಕೊನೆಗೆ ಆ ಮೇಲಿನ ಸ್ವರಕ್ಕೆ ಹೋದೆ, ಅಲ್ಲಿ ಬರೀ ಗಾಳಿ. ಇನ್ನೊಮ್ಮೆ ಹೋದೆ. ಇಲ್ಲ. ಇಷ್ಟು ದಿನ ಯಾವುದಕ್ಕೆ ಹೆದರಿದ್ದೆನೋ ಅದು ಆಗಿಯೇ ಹೋಗಿತ್ತು. ಅಳು ಬಂತು. ಆದರೆ ಹಾಡನ್ನು ಎಲ್ಲಾದರೂ ಮುಟ್ಟಿಸಬೇಕಲ್ಲ? ಏರುವಲ್ಲಿ ಇಳಿದೆ, ಇನ್ನೂ ಕೆಳಗೆ ಇಳಿದೆ, ಮೊದಲು ನನಗೆ ಎಂದೂ ನಿಲುಕದಿದ್ದ ಕಡೆ ಹೋಗಿ ನಿಂತೆ. ಜಾಝ್‌ನಲ್ಲಿ ಅದಕ್ಕೆ ಅಡ್ಡಿಯಿಲ್ಲ. ಹೆಂಗಸು ಮತ್ತೆ ಸೊಪ್ಪು ಬಿಡಿಸತೊಡಗಿದಳು.

ಸ್ಟುಡಿಯೋದಲ್ಲಿ ಗೆಳೆಯನಿಗೆ, ಮೇಲಿನದು ಹೋಯಿತು, ಶ್ರುತಿ ಇಳಿಸು ಎಂದೆ. ಬೇಡ ಎನ್ನಲು ಹೋದವಳು ಅವತ್ತೇ ಒಂದು ಹಾಡು ಹಾಡಿ ಬಂದೆ.

ಮರುದಿನ ಬೆಳಗ್ಗೆ ಅಮ್ಮ ಸಾರಿಗೆ ಒಗ್ಗರಣೆ ಇಟ್ಟಿದ್ದಳು. ಏನೂ ಹೇಳದೆ ಮೊಬೈಲ್‌ನಲ್ಲಿ ಹೊಸ ಹಾಡು ಹಾಕಿದೆ. ಈ ಸಲ ಓಡದೆ ಬಾಗಿಲಲ್ಲೇ ನಿಂತೆ. ಗಾಡಿಯಲ್ಲಿ ಹೆದರಿದ್ದಕ್ಕಿಂತ ಹೆಚ್ಚು ಹೆದರಿದ್ದೆ.

ಅಮ್ಮ ಸ್ವಲ್ಪ ಹೊತ್ತು ಕಿವಿಗೊಟ್ಟು, "ಇದು ಯಾರು ಮಾರಾಯ್ತಿ ಹಾಡಿದ್ದು?" ಎಂದಳು.

ಅವಳು ತಿರುಗಿ ನನ್ನ ಮುಖ ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಗ್ಯಾಸ್ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಸ್ಟೂಲ್ ಎಳೆದು ಕೂತಳು.

"ಇನ್ನೊಮ್ಮೆ ಹಾಕು," ಎಂದಳು. "ಗುರ್ತ ಮಾಡ್ಕೊಳ್ತೇನೆ."