ತಣ್ಣೀರಿನ ನಲ್ಲಿಯ ಬಿಸಿನೀರು

ಕುವೈತಿನ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು ಬರುತ್ತದೆ. ಅದಕ್ಕೇ ನಾವೆಲ್ಲ ಗೀಸರ್ ಆಫ್ ಮಾಡಿಟ್ಟು, ಅದರೊಳಗೆ ಮನೆಯ ತಂಪಿಗೆ ಆರಿದ ನೀರನ್ನು ಬಿಸಿನೀರಿನ ನಲ್ಲಿಯಿಂದ ಹಿಡಿಯುತ್ತೇವೆ. ಎಂಟನೇ ಕ್ಲಾಸಿನ ನನ್ನ ಮಗಳಿಗೂ ಅವಳ ಜೊತೆಯ ನಾಲ್ವರಿಗೂ ವಿಜ್ಞಾನದ ಟೀಚರ್ ಇದನ್ನೇ ಸಮಸ್ಯೆಯಾಗಿ ಕೊಟ್ಟರು: ಈ ನೀರು ಕಾಯುವುದು ಎಲ್ಲಿ, ಅದಕ್ಕೇನು ಮಾಡಬಹುದು? ಪಾಠ ಮಾಡಿರಲಿಲ್ಲ. ಪುಸ್ತಕದಲ್ಲೂ ಉತ್ತರವಿರಲಿಲ್ಲ. ಮಕ್ಕಳೇ ಹುಡುಕಬೇಕಂತೆ.

"ಪಾಠ ಮಾಡದೆ ಪ್ರಶ್ನೆ ಕೇಳುವುದಾ? ಅದೆಂತ ಟೀಚರ್ ಮಾರಾಯ್ತಿ!" ಎಂದೆ ಮಗಳಿಗೆ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ಇಪ್ಪತ್ತು ವರ್ಷ ಈ ಊರಿನ ಟೆರೇಸುಗಳ ಮೇಲೆ ಎಸಿ ಕೆಲಸ ಮಾಡಿದ್ದೇನೆ. ಸಬ್ಹಾನಿನ ನಮ್ಮ ವರ್ಕ್‌ಶಾಪಿನಲ್ಲಿ ನನ್ನ ಮಾತು ಮೀರಿ ಯಾರೂ ಸ್ಪ್ಯಾನರ್ ಮುಟ್ಟುವುದಿಲ್ಲ.

"ಬರ್ಕೋ. ಟ್ಯಾಂಕಿಗೆ ಬಿಸಿಲು ಬೀಳ್ತದೆ. ಮೇಲೆ ನೆರಳು ಹಾಕಿದ್ರೆ ಖಲಾಸ್."

"ಬಟ್ ಉಪ್ಪ, ಹೌ ಡು ಯು ನೋ?" ಎಂದಳು ಮಗಳು. ಅಪ್ಪನಿಗೆ ನಮ್ಮಲ್ಲಿ ಉಪ್ಪ ಎನ್ನುವುದು.

"ಎಂತ ಹೌ? ಟೆರೇಸಲ್ಲಿ ಕೂದಲು ನೆರೆತದ್ದು ಯಾರಿಗೆ, ನಿಂಗಾ ನಂಗಾ?"

ಕೊನೆಯ ದಿನ ವಿಷಯ ತಿಳಿದವರೊಬ್ಬರನ್ನು ಕ್ಲಾಸಿಗೆ ಕರೆಸಬೇಕಿತ್ತು. ಮಗಳು ನನ್ನ ಹೆಸರು ಕೊಟ್ಟಿದ್ದಳು. ಇಸ್ತ್ರಿಯ ಶರ್ಟು ಹಾಕಿಕೊಂಡು ಹೊರಟೆ. ಗೇಟಿನ ಹತ್ತಿರ ಅವಳು, "ಉಪ್ಪ, ಪ್ಲೀಸ್, ಅಲ್ಲಿ ಬೈಬೇಡಿ" ಎಂದಳು. ಕಾಲರ್ ಸರಿಮಾಡಿಕೊಂಡು ಒಳಗೆ ನಡೆದೆ.

ಕ್ಲಾಸಿನಲ್ಲಿ ಮಕ್ಕಳು ತಾವು ಮಾಡಿದ್ದನ್ನು ವಿವರಿಸಿದರು. ವಾಚ್‌ಮನ್ನನ್ನು ಕರೆದುಕೊಂಡು, ಫಿಂಟಾಸಿನ ನಮ್ಮ ಕಟ್ಟಡದ ಟೆರೇಸಿಗೇ ಹತ್ತಿದ್ದರಂತೆ. ಅಲ್ಲಿನ ಟ್ಯಾಂಕಿಗೆ ನೆರಳಿನ ಶೀಟು ಕಟ್ಟಿದವನು ನಾನೇ. ಆಮೇಲೂ ನಲ್ಲಿಯ ನೀರು ಸುಡುತ್ತಿದ್ದದ್ದಕ್ಕೆ ಶೀಟು ಸಾಲದೆಂದುಕೊಂಡಿದ್ದೆ. ಅವರು ಟ್ಯಾಂಕಿನ ನೀರಿನ ಬಿಸಿ ಅಳೆದಿದ್ದರು. ಆಮೇಲೆ ಕೆಳಗೆ ಮನೆಯ ನಲ್ಲಿಯಿಂದ ಒಂದರ ಹಿಂದೊಂದು ಮಗ್ ಹಿಡಿದು ಅಳೆದಿದ್ದರು. ಮೊದಲ ಮಗ್ಗಿನದು ಟ್ಯಾಂಕಿನದಕ್ಕಿಂತ ಎಷ್ಟೋ ಬಿಸಿ. ಕೊನೆಯದು ಹೆಚ್ಚುಕಡಿಮೆ ಟ್ಯಾಂಕಿನಷ್ಟೇ. ಕೈ ಸುಡುವ ನೀರು ಕಾದದ್ದು ಟ್ಯಾಂಕಿನಲ್ಲಲ್ಲ, ಟೆರೇಸಿನ ಉದ್ದಕ್ಕೂ ಬಿಸಿಲಿಗೆ ಬರಿಮೈಯಲ್ಲಿ ಬಿದ್ದಿದ್ದ ಪೈಪಿನಲ್ಲಿ.

ಎಸಿಯ ತಾಮ್ರದ ಪೈಪಿಗೆ ಹೊರಗಿನ ಬಿಸಿ ತಾಗದಂತೆ ಕಪ್ಪು ಸ್ಪಂಜು ಸುತ್ತದೆ ಒಂದು ದಿನವೂ ಕೆಲಸ ಮುಗಿಸಿದವನಲ್ಲ ನಾನು. ಪಕ್ಕದಲ್ಲೇ ಇದ್ದ ನೀರಿನ ಪೈಪನ್ನು ಸಾವಿರ ಸಲ ದಾಟಿದ್ದೆ. ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ನೀರು ಸ್ವಲ್ಪ ಹರಿದರೆ ಬಿಸಿ ಇಳಿಯುತ್ತದೆ ಎಂಬುದೂ ಗೊತ್ತಿರಲಿಲ್ಲ. ಪೋಲಾಗುತ್ತದೆಂದು ಕೂಡಲೇ ನಲ್ಲಿ ನಿಲ್ಲಿಸುವವರು ನಾವು.

ಟೀಚರ್ ಮೈಸೂರು ಕಡೆಯವರು. "ಸರ್, ಟ್ಯಾಂಕು ಅಂತ ನೀವು ಹೇಳಿದ್ರಂತೆ. ಇವ್ರು ಪೈಪು ಅಂತಾರೆ. ಯಾವುದು ಸರಿ?"

ಮಗಳು ತಲೆ ತಗ್ಗಿಸಿದಳು. ಮಕ್ಕಳದು ತಪ್ಪು ಎಂದರೆ ಜೊತೆಯವರ ಮುಂದೆ ಅವಳ ಮಾನ ಹೋಗುತ್ತದೆ, ಸರಿ ಎಂದರೆ ನನ್ನದು.

"ಮಕ್ಕಳು ಹೇಳಿದ್ದೇ ಸರಿ ಮೇಡಂ. ನಾನು ಅಳೆದು ನೋಡಿರ್ಲಿಲ್ಲ."

"ಸೋ ಅಂಕಲ್, ಟ್ವೆಂಟಿ ಇಯರ್ಸ್ ಯು ವರ್ ರಾಂಗ್?" ಎಂದಳು ಹಿಂದಿನ ಬೆಂಚಿನ ಒಬ್ಬಳು. ಯಾರೂ ನಗಲಿಲ್ಲ. ಅವಳೂ ತಿಳಿದುಕೊಳ್ಳಲೆಂದೇ ಕೇಳಿದ್ದಳು.

"ಹೌದು ಮಗಾ. ರಾಂಗ್."

ಮಗಳು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು. ಅವಳು ಹುಟ್ಟಿದ ಮೇಲೆ ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.