ಕಾಕಾ ಬಿಟ್ಟ ಗಾಂಧಾರ

ಅಪ್ಪನನ್ನು ಮಣ್ಣು ಮಾಡಿ ಬಂದ ಮರುದಿನ, ಶಹಾಬಾದಿನ ನಮ್ಮ ಪಡಸಾಲೆಯಲ್ಲಿ ಬಸಣ್ಣ ಕಾಕಾ ಹಾರ್ಮೋನಿಯಂ ಪೇಟಿಯ ಮುಂದೆ ಕುಳಿತಿದ್ದರು. ಮೂವತ್ತು ವರ್ಷ ಅಪ್ಪನ ಹಾಡಿಗೆ ಸಾಥ್ ಕೊಟ್ಟವರು. ಅಪ್ಪನ ಭಜನೆಯನ್ನೇ ನುಡಿಸುತ್ತಿದ್ದರು, ಆದರೆ ಗಾಂಧಾರ ಬಂದಾಗಲೆಲ್ಲ ಬೆರಳು ಎತ್ತಿಬಿಡುತ್ತಿದ್ದರು. ಹಾಡು ಅಲ್ಲಲ್ಲೇ ಮುರಿಯುತ್ತಿತ್ತು. ನನಗೆ ಸಹಿಸಲಾಗಲಿಲ್ಲ.

“ಕಾಕಾ, ಆ ಸ್ವರ ಯಾಕ ಬಿಡ್ಲಿಕತ್ತೀರಿ?”

“ನಿಮ್ಮಪ್ಪನ ಗಾಂಧಾರ ಪೇಟಿಗಿಂತ ಕೂದಲೆಳಿಯಷ್ಟು ಕೆಳಗ ನಿಲ್ತಿತ್ತವ್ವ. ಖರೇ ಸ್ವರ ಅದೇ. ಪೇಟಿ ಬಗ್ಗಂಗಿಲ್ಲ, ಅದಕ್ಕ ನಾ ಬೆರಳು ಎತ್ತಿ ಅವನಿಗಿ ಜಾಗ ಬಿಡ್ತಿದ್ದೆ. ಈಗೂ ಬೆರಳು ತಾನೇ ಏಳ್ತದ.”

ಈ ಸೋಮವಾರದ ಭಜನೆಗೆ ಅಪ್ಪನ ಜಾಗದಲ್ಲಿ ನಾನು ಹಾಡಲು ಕುಳಿತೆ. ಗಾಂಧಾರ ಬಂತು. ಕಾಕಾ ಬೆರಳೆತ್ತಿ ನನ್ನ ದನಿಗಾಗಿ ಕಾದರು. ನಾನು ಅಪ್ಪನ ದನಿಗಾಗಿ ಕಾದೆ. ಆ ಜಾಗ ಖಾಲಿಯೇ ಹೋಯಿತು.